ಹದಿನೇಳನೇ ತಲೆ

ಜೂನ್ 3, ಸೋಮವಾರ

ಈ ಪುಸ್ತಕವನ್ನು ಅಂಗಡಿಯ ಅಳತೆ ಬರೆಯಲೆಂದು ತಂದಿದ್ದೆ. ಆದರೆ ಇವತ್ತು ಯಾರನ್ನಾದರೂ ಬೈಯದೆ ಇದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಬೈಸಿಕೊಳ್ಳಲು ಮನೆಯಲ್ಲಿ ಯಾರೂ ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೂರು ದಿನದ ಹಿಂದೆ ಫೋನಿನಲ್ಲಿ ಒಂದೇ ಒಂದು ಸಲ ‘ಗೊರಕೆ ನಿಲ್ಲಿಸುವುದು ಹೇಗೆ’ ಎಂದು ಹುಡುಕಿದ್ದೆ. ನನಗಲ್ಲ, ಮನೆಯವರಿಗೆ. ಅಂದಿನಿಂದ ಅದು ನನ್ನ ಬೆನ್ನು ಬಿಟ್ಟಿಲ್ಲ. ಸುದ್ದಿ ಓದಲು ಹೋದರೆ ಗೊರಕೆಯ ದಿಂಬು, ಹಾಡು ಕೇಳಲು ಹೋದರೆ ಗೊರಕೆಯ ಮೂಗುಪಟ್ಟಿ. ಇವತ್ತು ಬೆಳಿಗ್ಗೆ ಮನೆಯವರು ಬಸ್ಸಿನ ವೇಳೆ ನೋಡಲು ನನ್ನ ಫೋನು ತೆಗೆದುಕೊಂಡರು. “ಇದೇನೇ ಇದು, ಗಂಡನ ಗೊರಕೆಯಿಂದ ನಿದ್ದೆಗೆಟ್ಟಿದ್ದೀರಾ ಅಂತ ಕೇಳ್ತಿದೆ? ನಾನ್ಯಾವಾಗ ಗೊರಕೆ ಹೊಡೆದೆ?” ಎಂದರು. ಮೂವತ್ತು ವರ್ಷದಿಂದ ಹೊಡೆಯುತ್ತಿದ್ದಾರೆ. ನಾನು ಒಂದು ದಿನವೂ ಹೇಳಿರಲಿಲ್ಲ. ಹೇಳಬೇಕೆನ್ನಿಸಿದ ದಿನ ನಾನೇ ಹೇಳುತ್ತಿದ್ದೆ, ನಡುವೆ ಬಾಯಿ ಹಾಕಲು ಈ ಫೋನು ಯಾರು? ಮುಖ ಊದಿಸಿಕೊಂಡು ತಿಂಡಿಯನ್ನೂ ಮುಟ್ಟದೆ ಹೋದರು.

ನಮ್ಮ ವಿಗ್ಗಿನ ಅಂಗಡಿಗೆ ಹೋದ ತಿಂಗಳು ವೆಬ್‌ಸೈಟು ಮಾಡಿಕೊಟ್ಟವನನ್ನು ಕೇಳಿದೆ. ಐವತ್ತರ ಹತ್ತಿರದ ಮನುಷ್ಯ. ಮಾತುಮಾತಿಗೂ “ಚಿಂತೆ ಬೇಡ ಮೇಡಂ” ಅನ್ನುವುದರಿಂದ ನಾನೂ ಅತ್ತೆಯೂ ಅವನನ್ನು ಚಿಂತೆಬೇಡ ಎಂದೇ ಕರೆಯುವುದು. ತಲೆ ನುಣ್ಣಗಿದೆ, ನಮ್ಮ ಅಂಗಡಿಯಲ್ಲಿ ಅಷ್ಟು ದಿನ ಕೂತರೂ ಒಮ್ಮೆಯೂ ಕನ್ನಡಿಯ ಕಡೆ ತಿರುಗಲಿಲ್ಲ, ಪುಣ್ಯಾತ್ಮ.

“ನೀವು ಹುಡುಕಿದ್ರಿ, ಅದು ನೆನಪಿಟ್ಕೊಳ್ತು. ಅಷ್ಟೆ. ಎಲ್ಲಾ ಕಡೆ ಹೀಗೇನೇ, ಚಿಂತೆ ಬೇಡ ಮೇಡಂ” ಎಂದ.

ನನ್ನ ಮನೆಯ ಮಲಗುವ ಕೋಣೆಯ ಸುದ್ದಿ ಅದಕ್ಕೇಕೆ ನೆನಪಿರಬೇಕು ಎಂದು ಕೇಳಿದರೆ ನಕ್ಕ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಜೂನ್ 8, ಶನಿವಾರ

ಟೀಚರ್ ಬಂದಿದ್ದರು, ಪಕ್ಕದ ಬಾಗಿಲಿನಿಂದ. ನಮ್ಮ ಅಂಗಡಿಗೆ ಎರಡು ಬಾಗಿಲು. ರಸ್ತೆಯ ಕಡೆಯದರಲ್ಲಿ ನಾಟಕದವರು, ಫೋಟೋ ತೆಗೆಸುವವರು ಬರುತ್ತಾರೆ. ಓಣಿಯ ಕಡೆಯದಕ್ಕೆ ಬೋರ್ಡಿಲ್ಲ. ಅದು ಕೂದಲು ನಿಜವಾಗಿ ಹೋದವರಿಗೆ. ಅಂಗಡಿ ತೆರೆದ ದಿನವೇ ಅತ್ತೆ ಮಾಡಿದ ಏರ್ಪಾಡು ಇದು. ಅವರ ಕಟ್ಟಳೆಗಳು ಇನ್ನೂ ಎರಡಿವೆ. ವಿಗ್ಗು ಕಟ್ಟಲೆಂದು ಗಿರಾಕಿಯ ಅಳತೆಗೆ ಬಟ್ಟೆ ಸುತ್ತಿ ಸಿದ್ಧಮಾಡಿದ ಮರದ ತಲೆಗಳ ಮೇಲೆ ಹೆಸರು ಬರೆಯಬಾರದು, ಅಂಕಿ ಮಾತ್ರ. ಮತ್ತೆ, ಬೀದಿಯಲ್ಲಿ ಗಿರಾಕಿ ಎದುರಾದರೆ ಅವರಾಗಿಯೇ ಮಾತಾಡಿಸುವವರೆಗೆ ನಮಗೆ ಅವರ ಪರಿಚಯವಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಒಬ್ಬರಿಗೆ ಸಂತೆಯಲ್ಲಿ ಕೈಮುಗಿದದ್ದಕ್ಕೆ ಅತ್ತೆ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು.

ಟೀಚರ್ ನಮ್ಮ ಹದಿನೇಳು. ಗಣಿತ ಕಲಿಸುತ್ತಾರೆ. ಮೂವತ್ತರ ಆಸುಪಾಸಿನಲ್ಲಿ ಒಂದೇ ವರ್ಷದಲ್ಲಿ ಕೂದಲು ಪೂರಾ ಉದುರಿತು, ವೈದ್ಯರಿಗೂ ಕಾರಣ ತಿಳಿಯಲಿಲ್ಲ. ಹನ್ನೆರಡು ವರ್ಷದಿಂದ ನಮ್ಮದೇ ವಿಗ್ಗು. ಗಂಡನಿಗೆ ಬಿಟ್ಟರೆ ಹೊರಗೆ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಉಳಿದವರೆಲ್ಲ ಇನ್ನಷ್ಟು ಕಪ್ಪು ಹಾಕಿ ಎಂದರೆ ಇವರೊಬ್ಬರು ಪ್ರತಿ ಸಲವೂ ಇನ್ನಷ್ಟು ಬಿಳಿ ಹಾಕಿ ಎನ್ನುತ್ತಾರೆ. “ನನಗೆ ವಯಸ್ಸಾಗೋದು ತಲೆಗೂ ಗೊತ್ತಾಗ್ಲಿ ಅಕ್ಕಾ, ಇಲ್ಲಾಂದ್ರೆ ಲೆಕ್ಕ ತಾಳೆಯಾಗಲ್ಲ” ಎಂದು ನಗುತ್ತಾರೆ. ಆ ಬಿಳಿಯನ್ನು ಒಂದೊಂದೇ ಎಳೆಯಾಗಿ ವಿಗ್ಗಿನ ಅಡಿಯ ಬಲೆಗೆ ಗಂಟು ಹಾಕುವುದು ನನಗೆ ಇಷ್ಟದ ಕೆಲಸ.

ವಿಗ್ಗು ತೊಳೆಯುವ ಕ್ರಮದ ಚೀಟಿ ಕಳೆದುಹೋಯಿತು, ಇನ್ನೊಂದು ಬರೆದುಕೊಡಿ ಎಂದರು. ಮುಂಚೆ ಅತ್ತೆ ಬರೆಯುತ್ತಿದ್ದರು. ನಾನು ಜಂಬದಿಂದ, “ಈಗ ಎಲ್ಲಾ ವೆಬ್‌ಸೈಟಲ್ಲೇ ಇದೆ ಟೀಚರ್, ಅಲ್ಲೇ ನೋಡ್ಬಿಡಿ” ಎಂದೆ.

ಜೂನ್ 12, ಬುಧವಾರ

ನನ್ನ ಬಾಯಿಗೆ ಬೆಂಕಿ ಬೀಳಲಿ.

ಟೀಚರ್ ಫೋನು ಮಾಡಿದ್ದರು. ನಾನು ಹೇಳಿದೆನೆಂದು ಶಾಲೆಯ ಕಂಪ್ಯೂಟರಿನಲ್ಲೇ ನಮ್ಮ ವೆಬ್‌ಸೈಟು ತೆರೆದು ತೊಳೆಯುವ ಕ್ರಮ ಓದಿದ್ದಾರೆ. ಪಕ್ಕದಲ್ಲಿದ್ದ ಬಿಳಿ ಬೆರೆತ ವಿಗ್ಗನ್ನೂ ಸ್ವಲ್ಪ ಹೊತ್ತು ನೋಡಿದ್ದಾರೆ. ಇವತ್ತು ಅದೇ ಕಂಪ್ಯೂಟರನ್ನು ತರಗತಿಯ ಪರದೆಗೆ ಜೋಡಿಸಿ ತ್ರಿಕೋನದ ಪಾಠ ತೆರೆದರೆ, ತ್ರಿಕೋನದ ಪಕ್ಕದಲ್ಲಿ ಆಳೆತ್ತರಕ್ಕೆ ನಮ್ಮ ವಿಗ್ಗು! ‘ನೋಡಿ ಹಾಗೇ ಹೋದಿರಲ್ಲ? ನಿಮ್ಮ ತಲೆ ನಿಮಗಾಗಿ ಕಾಯುತ್ತಿದೆ’ ಎಂಬ ಸಾಲು ಬೇರೆ. ಆ ಸಾಲನ್ನು ಚಿಂತೆಬೇಡ ಬರೆದಾಗ ಚೆನ್ನಾಗಿದೆ ಎಂದವಳು ನಾನೇ.

“ಮಕ್ಕಳು ಪರದೆ ನೋಡಿದ್ವು, ಆಮೇಲೆ ನನ್ನ ತಲೆ ನೋಡಿದ್ವು ಅಕ್ಕಾ. ಒಂದೂ ನಗಲಿಲ್ಲ. ನಕ್ಕಿದ್ರೆ ಬೈದಾದ್ರೂ ಬಿಡ್ತಿದ್ದೆ” ಎಂದರು.

ನಾನು ತಪ್ಪಾಯಿತು ಎಂದೆ. “ನಿಮ್ಮದೇನು ತಪ್ಪು, ಬಿಡಿ” ಎಂದು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜೂನ್ 13, ಗುರುವಾರ

ಚಿಂತೆಬೇಡನನ್ನು ಅಂಗಡಿಗೆ ಕರೆಸಿ ನೀರಿಳಿಸಿದೆ. ಜಾಹೀರಾತನ್ನು ನನ್ನ ಕಣ್ಣೆದುರೇ ನಿಲ್ಲಿಸಿದ. ಟೀಚರ್ ಎಲ್ಲಿಗೆ ಹೋದರೂ ಅದು ಹಿಂದೆ ಹೋಗುವುದು ಹೇಗೆ ಎಂದು ಅರ್ಧ ಗಂಟೆ ವಿವರಿಸಿದ. ವಿಗ್ಗು ನೋಡಿದ್ದಕ್ಕೂ ತ್ರಿಕೋನಕ್ಕೂ ಏನು ಸಂಬಂಧವೋ! ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದರೆ ಇದೇ. ಗಂಟು ಹಾಕುವ ಕಸುಬಿನ ನನಗೇ ಈ ಗಂಟು ಅರ್ಥವಾಗಲಿಲ್ಲ.

ನನ್ನನ್ನು ಸಮಾಧಾನ ಮಾಡಲೆಂದೋ ಏನೋ ಇನ್ನೊಂದು ತೋರಿಸಿದ. ವೆಬ್‌ಸೈಟಿಗೆ ಯಾರೇ ಬರಲಿ, ಅವರು ಎಲ್ಲಿ ಒತ್ತಿದರು, ಎಲ್ಲಿ ನಿಂತರು, ಸಂದೇಶದ ಪೆಟ್ಟಿಗೆಯಲ್ಲಿ ಏನು ಬರೆದರು ಎಂಬುದೆಲ್ಲ ಸಿನಿಮಾದ ಹಾಗೆ ದಾಖಲಾಗುತ್ತದಂತೆ. ಕೂತು ನೋಡಬಹುದಂತೆ. ಬರೆದು ಅಳಿಸಿದ್ದು ಕೂಡ ಕಾಣುತ್ತದಂತೆ.

“ಮೊದಲು ಇದನ್ನ ತೆಗೀರಿ” ಎಂದೆ. “ಬಚ್ಚಲಿಗೆ ಕಿಂಡಿ ಕೊರೆದ ಹಾಗಿದೆ. ಇಂಥದ್ದು ನಮ್ಮ ವಂಶದಲ್ಲೇ ಇಲ್ಲ.”

“ಹೆಸರು ಕಾಣಲ್ಲ ಮೇಡಂ, ಬರೀ ಅಂಕಿ. ನಿಮ್ಮ ಮರದ ತಲೆಗಳ ಹಾಗೇನೇ. ಒಂದು ವಾರ ನೋಡಿ, ಬೇಡಾಂದ್ರೆ ತೆಗೀತೀನಿ. ಚಿಂತೆ ಬೇಡ.”

ನೋಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ.

ಜೂನ್ 20, ಗುರುವಾರ

ಟೀಚರ್ ಫೋನು ಎತ್ತುತ್ತಿಲ್ಲ. ನಾಲ್ಕು ಸಲ ಮಾಡಿದೆ. ಅವರು ನಮ್ಮ ವೆಬ್‌ಸೈಟಿಗಾದರೂ ಬಂದಿದ್ದಾರೆಯೇ ಎಂದು ತಿಳಿಯಲು ಮಾತ್ರ ಆ ದಾಖಲೆ ತೆರೆದೆ. ಐದೇ ನಿಮಿಷ. ಬಾಣದ ಗುರುತೊಂದು ಅಲ್ಲಿ ಇಲ್ಲಿ ಅಲೆದಾಡುತ್ತದೆ, ಅಷ್ಟೇ. ಇದರಲ್ಲಿ ನೋಡುವಂಥದ್ದೇನೂ ಇಲ್ಲ.

ಜೂನ್ 27, ಗುರುವಾರ

ಔಷಧಿ ಅಂಗಡಿಯವನು ಇವತ್ತು ನನ್ನ ಫೋನ್ ನಂಬರು ಕೇಳಿದ. ಕೆಮ್ಮಿನ ಔಷಧಿಗೆ ನಂಬರೇಕೆ? ಕೊಡುವುದಿಲ್ಲ ಎಂದೆ. ಕಂಪ್ಯೂಟರು ಕೇಳುತ್ತದೆ ಎಂದ. ಕಂಪ್ಯೂಟರಿಗೆ ಕೆಮ್ಮೇನಯ್ಯ ಎಂದೆ. ಹಿಂದೆ ನಿಂತಿದ್ದವರೆಲ್ಲ ನಕ್ಕರು, ಅವನು ನಗಲಿಲ್ಲ. ಜನರ ಗುಟ್ಟು ಹೆಕ್ಕುವುದೇ ಒಂದು ವ್ಯಾಪಾರವಾಗಿದೆ. ಮೈ ಉರಿಯುತ್ತದೆ.

ಊಟಕ್ಕೆ ಅಂಗಡಿ ಮುಚ್ಚುವ ಒಂದು ಗಂಟೆಯಲ್ಲಿ ದಾಖಲೆ ನೋಡಿದೆ. ನನಗೀಗ ಸುಮಾರು ಜನ ಗುರುತಾಗಿದ್ದಾರೆ. ಒಬ್ಬರು ಯಾವಾಗಲೂ ಗಂಡಸರ ವಿಗ್ಗಿನ ಪುಟಕ್ಕೆ ಬಂದು ತಕ್ಷಣ ಹೆಂಗಸರ ಪುಟಕ್ಕೆ ಹಾರುತ್ತಾರೆ, ಯಾರೋ ಹಿಂದಿನಿಂದ ಬಂದವರ ಹಾಗೆ. ಅವರಿಗೆ ಜಿಂಕೆ ಎಂದು ಹೆಸರಿಟ್ಟಿದ್ದೇನೆ. ಇನ್ನೊಬ್ಬರು ಒಂದೇ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ಬೈತಲೆಯನ್ನೇ ನೋಡುತ್ತಾರೆ. ಅವರಿಗೆ ಬೈತಲೆ ಎಷ್ಟು ಮುಖ್ಯವೆಂದು ಗೊತ್ತಾದದ್ದರಿಂದ ಆ ಚಿತ್ರವನ್ನು ಹತ್ತಿರದಿಂದ ತೆಗೆಸಿ ಹಾಕಿದೆ. ಸೇವೆಯೇ ತಾನೆ ಇದು?

ಅತ್ತೆ ಒಬ್ಬರೇ ಉಂಡರು. ಅಷ್ಟು ಹೊತ್ತು ಅದರಲ್ಲಿ ಏನು ನೋಡುತ್ತಿ ಎಂದು ಕೇಳಿದರು. ಆರ್ಡರು ಎಂದೆ.

ಜುಲೈ 5, ಶುಕ್ರವಾರ

ಟೀಚರ್ ಬಂದಿದ್ದಾರೆ! ಅಂಗಡಿಗಲ್ಲ, ವೆಬ್‌ಸೈಟಿಗೆ.

ನಿನ್ನೆ ಸಂಜೆಯ ದಾಖಲೆ. ಬಾಣ ನೇರವಾಗಿ ಸಂದೇಶದ ಪೆಟ್ಟಿಗೆಗೆ ಹೋಯಿತು. ಒಂದೊಂದೇ ಅಕ್ಷರ ಮೂಡಿತು. ‘ಅಕ್ಕಾ, ಬಲಗಿವಿಯ ಹತ್ತಿರ ಬಲೆ ಬಿಟ್ಟಿದೆ. ಈ ಸಲ ಬಿಳಿ ಇನ್ನೂ ಸ್ವಲ್ಪ’. ಅಲ್ಲಿಗೆ ನಿಂತಿತು. ಬಿಳಿ ಕೇಳುವವರು ಜಗತ್ತಿನಲ್ಲಿ ಇನ್ಯಾರು? ಅದಷ್ಟನ್ನೂ ಅಳಿಸಿ ಮತ್ತೆ ಬರೆದರು. ‘ಅಕ್ಕಾ, ವಿಗ್ಗು ಇನ್ನು ಬೇಕಾಗಲಿಕ್ಕಿಲ್ಲ. ಈ ತಿಂಗಳ ಕೊನೆಗೆ ಶಾಲೆ ಬಿಡುತ್ತೇನೆ. ಆ ಮಕ್ಕಳೆದುರು ನಿಲ್ಲಲು ಆಗುತ್ತಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.’ ಬಹಳ ಹೊತ್ತು ಏನೂ ಅಲುಗಾಡಲಿಲ್ಲ. ಆಮೇಲೆ ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂದರು. ಕೊನೆಗೆ ‘ಅಕ್ಕಾ’ ಎಂಬುದೊಂದು ಉಳಿಯಿತು. ಅದನ್ನೂ ಅಳಿಸಿ ಹೋದರು.

ನನ್ನಿಂದ ಒಂದು ಜೀವ ತನ್ನ ಕೆಲಸ ಬಿಡುತ್ತಿದೆ. ಸುಮ್ಮನೆ ಕೂರುವವಳು ನಾನಲ್ಲ. ಹದಿನೇಳನೇ ತಲೆಯನ್ನು ಕಪಾಟಿನಿಂದ ಇಳಿಸಿದೆ. ತಿಂಗಳ ಕೊನೆಗೆ ಇಪ್ಪತ್ತಾರು ದಿನವಿದೆ. ವಿಗ್ಗು ಮಾಡಿಕೊಡುತ್ತೇನೆ, ತಪ್ಪಾಯಿತೆನ್ನುತ್ತೇನೆ. ಶಾಲೆಯ ಮಾತು ಎತ್ತುವುದೇ ಇಲ್ಲ.

ಜುಲೈ 19, ಶುಕ್ರವಾರ

ಕುತ್ತಿಗೆ ಹಿಡಿದುಕೊಂಡಿದೆ. ಬೆಳಿಗ್ಗೆ ಆರಕ್ಕೆ ಕೊಕ್ಕೆಸೂಜಿ ಹಿಡಿದರೆ ಸಂಜೆ ಬಿಡುವುದು. ಕಿವಿಯ ಮೇಲಿನ ಬಿಳಿಯನ್ನು ಎರಡು ಸಲ ಬಿಚ್ಚಿ ಕಟ್ಟಿದೆ.

ಅತ್ತೆ ನೋಡಿದರು. “ಹದಿನೇಳರದ್ದಲ್ವಾ? ಅವಳು ಬಂದು ಹೇಳಿದ್ಲಾ?”

“ಹೇಳಿದ್ರು.”

“ಯಾವಾಗ? ನಾನು ಎಲ್ಲೂ ಹೋಗಿಲ್ವಲ್ಲೇ.”

ವಯಸ್ಸಾದ ಮೇಲೆ ಇವರಿಗೆ ಎಲ್ಲದಕ್ಕೂ ಲೆಕ್ಕ ಒಪ್ಪಿಸಬೇಕು. ಒಂದು ಮನೆಯಲ್ಲಿ ಒಬ್ಬರಿಗೆ ತಮ್ಮದೇ ಆದ ಒಂದು ವಿಷಯ ಇರಬಾರದೇ?

ಜುಲೈ 30, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂಜೆ ಐದೂವರೆಗೆ ಟೀಚರ ಮನೆಗೆ ಹೋದೆ. ಬಾಗಿಲು ತೆರೆದವರು ಅವರೇ. ಗಾಬರಿಯಾದರು, ಆದರೂ “ಬನ್ನಿ ಅಕ್ಕಾ” ಎಂದರು. ಒಳಗೆ ಅವರ ಗಂಡ ಕುರ್ಚಿಯಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆಗಳಿಗೆ ದಾರ ಕಟ್ಟುತ್ತಿದ್ದರು, ಹೆಂಡತಿಗೆ ಸಹಾಯ. ನಾನು ಡಬ್ಬ ಮುಂದಿಟ್ಟೆ. ಇದು ನನ್ನ ಕಡೆಯಿಂದ, ನಡೆದುಹೋದದ್ದಕ್ಕೆ ಎಂದೆ. ಟೀಚರ ಕಣ್ಣು ತುಂಬಿತು. ಅಲ್ಲಿಗೆ ಎದ್ದು ಬಂದಿದ್ದರೆ ನಾನು ಗೆದ್ದಿದ್ದೆ.

“ಬಲಗಿವಿಯ ಹತ್ತಿರ ಬಲೆ ಗಟ್ಟಿ ಮಾಡಿದ್ದೀನಿ. ಬಿಳೀನೂ ಜಾಸ್ತಿ ಹಾಕಿದ್ದೀನಿ” ಎಂದೆ.

ಅವರ ಮುಖ ಸ್ವಲ್ಪ ಬದಲಾಯಿತು. ನನಗೆ ಆಗ ಸುಮ್ಮನಿರಲು ಆಗಲಿಲ್ಲ. “ಇದಕ್ಕೋಸ್ಕರ ಶಾಲೆ ಬಿಡಬೇಡಿ ಟೀಚರ್” ಎಂದುಬಿಟ್ಟೆ.

ದಾರ ಕಟ್ಟುತ್ತಿದ್ದ ಕೈ ನಿಂತಿತು. “ಶಾಲೆ ಬಿಡ್ತಿದ್ದೀಯಾ?” ಎಂದು ಗಂಡ ಕೇಳಿದರು. ಟೀಚರ್ ಅವರ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

“ನಾನು ಇದನ್ನ ಯಾರಿಗೂ ಹೇಳಿಲ್ಲ. ನಿಮಗೆ ಯಾರು ಹೇಳಿದ್ರು?”

“ವೆಬ್‌ಸೈಟಲ್ಲಿ ಬರೆದಿದ್ರಲ್ಲ…”

“ಕಳಿಸಲಿಲ್ವಲ್ಲ. ಅಳಿಸಿದೆ.”

“ಅಳಿಸಿದ್ದೂ ಕಾಣುತ್ತೆ ಟೀಚರ್.”

“ಬೋರ್ಡಿನ ಮೇಲೆ ತಪ್ಪು ಬರೆದ್ರೆ ನಾನು ಒರೆಸ್ತೀನಿ” ಎಂದರು. “ಒರೆಸಿದ್ಮೇಲೆ ಅದನ್ನ ಮಕ್ಕಳೂ ಕೇಳಲ್ಲ.”

ಡಬ್ಬವನ್ನು ತೆರೆಯಲೂ ಇಲ್ಲ. ನನ್ನ ಕೈಗೇ ವಾಪಸು ಕೊಟ್ಟು ಬಾಗಿಲವರೆಗೆ ಬಂದು ಕಳಿಸಿದರು.

ನಾನು ಯಾರಿಗೆ ಏನು ಕೆಟ್ಟದ್ದು ಮಾಡಿದೆ? ಇಪ್ಪತ್ತಾರು ದಿನ ಕಣ್ಣು ಕಳೆದುಕೊಂಡದ್ದು ಯಾರಿಗಾಗಿ? ಒಳ್ಳೆಯದಕ್ಕೆ ಕಾಲವಿಲ್ಲ.

ಆಗಸ್ಟ್ 1, ಗುರುವಾರ

ಅತ್ತೆಗೆ ಹೇಳಲೇಬೇಕಾಯಿತು. ಡಬ್ಬ ವಾಪಸು ಬಂದದ್ದನ್ನು ನೋಡಿದರು. ಎಲ್ಲ ಕೇಳಿ, “ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು ಕಣೇ” ಎಂದರು. ಊಟಕ್ಕೆ ಏಳಲಿಲ್ಲ. ಕಾಲ ಬದಲಾದದ್ದು ಅವರಿಗೆ ತಿಳಿಯುವುದಿಲ್ಲ. ನಾನೂ ಉಣ್ಣಲಿಲ್ಲ.

ಆಗಸ್ಟ್ 6, ಮಂಗಳವಾರ

ಹನ್ನೊಂದು ಗಂಟೆ. ಅಂಗಡಿಯಲ್ಲಿ ನಾಟಕದವರು ಇಬ್ಬರು ರಾಜನ ವಿಗ್ಗು ಹಾಕಿಕೊಂಡು ನೋಡುತ್ತಿದ್ದರು. ರಸ್ತೆಯ ಕಡೆಯ ಬಾಗಿಲಿನಿಂದ ಟೀಚರ್ ಒಳಗೆ ಬಂದರು. ತಲೆಯ ಮೇಲೆ ಏನೂ ಇರಲಿಲ್ಲ. ವಿಗ್ಗಿಲ್ಲ, ಬಟ್ಟೆಯಿಲ್ಲ. ಹನ್ನೆರಡು ವರ್ಷ ಅವರ ತಲೆಯನ್ನು ಮುಟ್ಟಿದವಳು ನಾನು, ಹಗಲ ಬೆಳಕಿನಲ್ಲಿ ನೋಡಿದ್ದು ಇವತ್ತೇ.

“ನನ್ನ ತಲೆ ಕೊಡಿ” ಎಂದರು.

ನಾಟಕದವರು ಗಾಬರಿಯಾಗಿ ನನ್ನ ಕಡೆ ನೋಡಿದರು. ಹದಿನೇಳನ್ನು ಇಳಿಸಿ ಕೊಟ್ಟೆ. ಅದನ್ನು ಎರಡು ಕೈಯಲ್ಲೂ ಹಿಡಿದು ತಿರುಗಿಸಿ ನೋಡಿ, ತಾವೇ ತಂದಿದ್ದ ಚೀಲಕ್ಕೆ ಹಾಕಿಕೊಂಡರು.

“ಶಾಲೆಗೆ ಹೋಗ್ತಿದ್ದೀರಾ ಟೀಚರ್?” ಎಂದು ಕೇಳಿದೆ.

“ಹೋಗ್ತಿದ್ದೀನಿ, ಹೀಗೇ. ಮಕ್ಕಳಿಗೆ ನಾನೇ ಹೇಳಿದೆ. ಹೇಳೋದು ನನ್ನ ಕೆಲಸ, ಬೇರೆಯವರದ್ದಲ್ಲ.” ಅಕ್ಕಾ ಎನ್ನಲಿಲ್ಲ. ಬಾಗಿಲ ಹತ್ತಿರ ಹೋಗಿ ತಿರುಗಿದರು. “ಇನ್ನು ನಿಮ್ಮ ಹತ್ರ ನನ್ನದು ಏನೂ ಉಳಿದಿಲ್ಲ ಅಲ್ವಾ? ಆ ನೋಡೋದು ಎಲ್ಲಾ ನಿಂತಿದೆ ತಾನೆ?”

“ನಿಂತಿದೆ” ಎಂದೆ.

ಆಗಸ್ಟ್ 7, ಬುಧವಾರ

ಆಡಿದ ಮಾತು ಉಳಿಸಿಕೊಳ್ಳೋಣವೆಂದು ಚಿಂತೆಬೇಡನಿಗೆ ಫೋನು ಮಾಡಿದೆ. ಹಳೆಯ ದಾಖಲೆ ಅಳಿಸಲು ಅವನ ಕೈಯಲ್ಲಿ ಆಗದಂತೆ. ಅದು ಯಾವುದೋ ಕಂಪನಿಯ ಹತ್ತಿರ ಇರುತ್ತದಂತೆ, ವರ್ಷ ಕಳೆದ ಮೇಲೆ ತಾನಾಗಿಯೇ ಹೋಗುತ್ತದಂತೆ. ನಾನು ಬಾಯಿಗೆ ಬಂದಂತೆ ಬೈದೆ. ಯಾರದೋ ಮನಸ್ಸಿನ ಮಾತು ಯಾವನೋ ಇಟ್ಟುಕೊಳ್ಳುವುದು ಎಂದರೇನು?

“ಹೊಸದಾಗಿ ದಾಖಲಾಗೋದನ್ನ ಬೇಕಾದ್ರೆ ಈಗಲೇ ನಿಲ್ಲಿಸ್ತೀನಿ ಮೇಡಂ. ಒಂದು ಗುಂಡಿ ಒತ್ತಿದ್ರೆ ಆಯ್ತು” ಎಂದ.

ಬೈತಲೆಯವರು ಈ ವಾರ ಆರ್ಡರು ಮಾಡಬಹುದು ಎಂದು ನನಗೆ ಅನ್ನಿಸುತ್ತಿದೆ. ಅಲ್ಲದೆ ಹೊಸ ಚಿತ್ರ ಸರಿಯಾಗಿ ಕಾಣುತ್ತಿದೆಯೇ ನೋಡಬೇಕು. ಈ ವಾರ ಇರಲಿ, ಆಮೇಲೆ ಹೇಳುತ್ತೇನೆ ಎಂದೆ.

ಆಗಸ್ಟ್ 12, ಸೋಮವಾರ

ಎಷ್ಟು ದಿನದ ಮೇಲೆ ಎದೆ ಹಗುರಾಯಿತು! ಟೀಚರ ಸಿಟ್ಟು ಇಳಿದಿದೆ.

ಇವತ್ತು ಬೆಳಿಗ್ಗೆಯ ದಾಖಲೆ. ‘ಅಕ್ಕಾ, ಹೀಗೇ ಹೋಗುವುದು ನಾನಂದುಕೊಂಡಷ್ಟು ಸುಲಭವಲ್ಲ. ನೀವು ಮಾಡಿದ ವಿಗ್ಗು ಇನ್ನೂ ಇದ್ದರೆ ನಾಳೆ ಸಂಜೆ ಐದಕ್ಕೆ ಮನೆಗೆ ತಂದುಕೊಡುತ್ತೀರಾ?’ ಬರೆದು ಸ್ವಲ್ಪ ಹೊತ್ತು ಬಿಟ್ಟು ಅಳಿಸಿದ್ದಾರೆ. ಪಾಪ, ಸಂಕೋಚ. ಅಷ್ಟು ಮಾತಾಡಿ ಹೋದ ಮೇಲೆ ಮತ್ತೆ ಕೇಳುವುದು ಅವರಿಗಾದರೂ ಹೇಗೆ ಸಾಧ್ಯ? ಅವರು ಬಾಯಿಬಿಟ್ಟು ಕೇಳುವವರೆಗೆ ಕಾಯುವುದು ಒಳ್ಳೆಯತನವಲ್ಲ. ಡಬ್ಬದಿಂದ ತೆಗೆದು ಬಾಚಿ, ಹೊಸ ಕಾಗದದಲ್ಲಿ ಸುತ್ತಿಟ್ಟೆ.

ಆಗಸ್ಟ್ 13, ಮಂಗಳವಾರ

ಐದಕ್ಕೆ ಐದು ನಿಮಿಷವಿರುವಾಗಲೇ ಹೋಗಿ ಬಾಗಿಲು ತಟ್ಟಿದೆ. ಕೂಡಲೇ ತೆರೆಯಿತು, ಬಾಗಿಲ ಹಿಂದೆಯೇ ನಿಂತಿದ್ದರೆಂದು ಕಾಣುತ್ತದೆ. ಟೀಚರ್ ನನ್ನನ್ನು ನೋಡಿದರು, ಕೈಯಲ್ಲಿದ್ದ ಡಬ್ಬ ನೋಡಿದರು, ಗೋಡೆಯ ಗಡಿಯಾರ ನೋಡಿದರು.

ನಾನು ನಕ್ಕೆ. ಅವರು ನಗಲಿಲ್ಲ. ಕೋಪವೂ ಮಾಡಲಿಲ್ಲ.

“ನೀವು ಬರಲ್ಲ ಅಂದ್ಕೊಂಡಿದ್ದೆ” ಎಂದರು. “ಬರದೇ ಇರ್ಲಿ ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೆ.”

ಬಾಗಿಲು ಸದ್ದಿಲ್ಲದೆ ಮುಚ್ಚಿತು. ನನಗೆ ಮೆಟ್ಟಿಲು ಇಳಿಯುವವರೆಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತೆ.

ಟೀಚರಂಥವರು ಹೀಗೆ ಮಾಡಬಹುದೇ? ಬೇಕೆಂದೇ ಬರೆದು, ಬೇಕೆಂದೇ ಅಳಿಸಿ, ನನಗೆ ಗೊತ್ತಾಗದ ಹಾಗೆ ನಾನು ಏನು ಮಾಡುತ್ತೇನೆಂದು ಮರೆಯಲ್ಲಿ ನಿಂತು ನೋಡಿದರಲ್ಲ. ಒಬ್ಬರನ್ನು ಹೀಗೆ ಹೊಂಚುಹಾಕಿ ನೋಡಿದರೆ ಅವರಿಗೆ ಎಷ್ಟು ನೋವಾಗುತ್ತದೆಂದು ಒಂದು ಕ್ಷಣವಾದರೂ ಯೋಚಿಸಬೇಡವೇ?